ಪುಸ್ತಕದಲ್ಲಿದ್ದ ಹಾಗೇ

ಸರ್ಕ್ಯುಲೇಟಿಂಗ್ ಲೈಬ್ರರಿಯ ಮಾಲೀಕ ಅಂದು ಮಧ್ಯಾಹ್ನವೇ ಷಟರ್ ಎಳೆದಿದ್ದ. ಒಳಗೆ, ಕುರ್ಚಿಗೆ ಹಗ್ಗದಿಂದ ಕಟ್ಟಿಹಾಕಿದ್ದ ಸಿನಿಮಾ ನಿರ್ದೇಶಕನ ಬಲಗೈಯ ಕಿರುಬೆರಳು ಆಗಲೇ ನೆಲದ ಮೇಲೆ ಬಿದ್ದಿತ್ತು.

“ಮೂವತ್ತು ವರ್ಷದಿಂದ ಈ ಕಾದಂಬರೀನ ಜನರ ಕೈಗೆ ಕೊಡ್ತಾ ಬಂದಿದೀನಿ,” ಎಂದ ಮಾಲೀಕ, ಮಚ್ಚು ಒರೆಸುತ್ತ. “ಇದರಲ್ಲಿ ಕೊಲೆಗಾರ ಒಂದೊಂದೇ ಬೆರಳು ಕತ್ತರಿಸ್ತಾನೆ. ಓದಿದೋರಿಗೆ ವಾರಗಟ್ಟಲೆ ನಿದ್ದೆ ಬರ್ತಿರಲಿಲ್ಲ. ಮೊದಲನೇ ಸಿನಿಮಾದೋರು ಬರೀ ಒಂದು ಚೀರಾಟ ಕೇಳಿಸಿ ಮುಗಿಸಿದ್ರು. ಹೋಗ್ಲಿ ಅಂತ ಸುಮ್ಮನಾದೆ. ನೀನು ರೀಮೇಕ್ ಮಾಡ್ತೀನಿ ಅಂತ ಬಂದು, ಒಂದು ಬೆರಳು ಬಿದ್ದ ಕೂಡಲೇ ಹೀರೋಗೆ ಕನಸಲ್ಲಿ ಡ್ಯುಯೆಟ್ ಹಾಕಿದೀಯಲ್ಲೋ!”

“ತಪ್ಪಾಯ್ತು ಸರ್, ಬಿಟ್ಬಿಡಿ.”

“ಪುಸ್ತಕದಲ್ಲಿದ್ದ ಹಾಗೇ ಆಗ್ಬೇಕು. ಎರಡನೇದು ಯಾವ ಬೆರಳು, ನೋಡ್ತೀನಿ ಇರು.”

ಅವನು ಮಚ್ಚನ್ನು ಕುರ್ಚಿಯ ಪಕ್ಕದ ಮೇಜಿನ ಮೇಲಿಟ್ಟು, ಕನ್ನಡಕ ಏರಿಸಿ, ನಾಲಿಗೆಗೆ ಬೆರಳು ತಾಗಿಸಿಕೊಂಡು ರಟ್ಟು ಹರಿದ ಕಾದಂಬರಿಯ ಪುಟ ತಿರುವತೊಡಗಿದ.

“ನನ್ನ ಸಿನಿಮಾ ಪೂರ್ತಿ ನೋಡಿದ್ರಾ ಸರ್?”

“ಥೂ! ಆ ಡ್ಯುಯೆಟ್ ನೋಡಿ ಇಂಟರ್ವಲ್‌ಗೇ ಎದ್ದು ಬಂದೆ.”

“ಇಂಟರ್ವಲ್ ಆದ್ಮೇಲೆ ಹೀರೋ ತಪ್ಪಿಸ್ಕೋತಾನೆ. ಕಿರುಬೆರಳು ಹೋದ ಕೈ ರಕ್ತದಲ್ಲಿ ನೆನೆದ್ರೆ ಹಗ್ಗದಿಂದ ಜಾರಿ ಬರುತ್ತೆ ಸರ್.”

ಮಾಲೀಕ ಪುಟದಿಂದ ತಲೆಯೆತ್ತಿದ. ಮಚ್ಚು ನಿರ್ದೇಶಕನ ನಾಲ್ಕು ಬೆರಳುಗಳ ಹಿಡಿತದಲ್ಲಿ ಮೇಲೆದ್ದಿತ್ತು.