ಮಗನಿಗೆಂದು ಇಟ್ಟಿದ್ದು

ತುಂಬು ಬಸುರಿ ಅವಳು. ಚಾಪೆಯ ಮೇಲೆ ಕೂತು ಗಂಡನ ಎರಡು ಪಿಸ್ತೂಲುಗಳನ್ನು ಎಣ್ಣೆಬಟ್ಟೆಯಿಂದ ಒರೆಸುತ್ತಿದ್ದಳು. ಬೆಳಿಗ್ಗೆ ಅವನ ಏಟಿಗೆ ಒಡೆದ ತುಟಿಯಲ್ಲಿ ರಕ್ತ ಇನ್ನೂ ಒಸರುತ್ತಿತ್ತು.

“ನಂಗೂ ಹೊಡೆಯೋದು ಕಲಿಸಿ. ಯಾವುದು ಹಿಡೀಲಿ?”

ಅವನು ನಕ್ಕ. “ನಿನ್ನ ಕೈಗೆ ಆ ಸಣ್ಣದು, ಪಾಯಿಂಟ್ ಟೂಟೂನೇ ಹೆಚ್ಚಾಯ್ತು. ರೇಂಜಲ್ಲಿ ಗುರಿ ಕಲಿಯೋಕೆ ಅದು. ಮೈಮೇಲೆ ಬಂದವನನ್ನ ಕೆಡವೋಕೆ ಈ ದೊಡ್ಡದು, ಪಾಯಿಂಟ್ ಥರ್ಟಿಟೂನೇ ಬೇಕು.”

“ಅದಕ್ಕೆ ಗುಂಡಿದೆಯಾ?”

“ಡಬ್ಬೀಲಿದೆ ನೋಡು. ಮನೇಲಿ ಉಳಿದಿರೋದೇ ಅದೊಂದು. ಮಗ ಹುಟ್ಟೋ ದಿನಕ್ಕೆ ಅಂತ ಇಟ್ಟಿದ್ದೀನಿ. ತುಂಬಿಡು, ದಿನ ಹತ್ತಿರ ಬಂತು.”

ಕೊಡಗಿನ ಹಳೇ ಪದ್ಧತಿ ಅದು. ಗಂಡು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಸಾವಾದರೆ ಎರಡು. ಸದ್ದು ಎಣಿಸಿಕೊಂಡೇ ನೆರೆಯವರು ಹೊರಡುತ್ತಾರೆ.

ಅವಳು ಗುಂಡು ತುಂಬಿದಳು. “ಹೆಣ್ಣಾದರೆ?”

ಅವನು ಸೊಂಟದ ಬೆಲ್ಟು ಬಿಚ್ಚಿ ಕೈಗೆ ಸುತ್ತಿಕೊಂಡ. “ಆ ಮಾತು ಇನ್ನೊಂದ್ಸಲ ಹೇಳು.” ಮೊದಲ ಏಟು ಬೆನ್ನಿಗೆ ಬಿತ್ತು. ಆಮೇಲೆ ಅವನು ಅವಳ ಹೊಟ್ಟೆಗೆ ಒದೆಯಲು ಕಾಲೆತ್ತಿದ.

ಗುಂಡಿನ ಸದ್ದು ಕೇಳಿ ತೋಟದಾಚೆಯ ಮನೆಯ ಮುದುಕ ಮುದುಕಿ ಬಿರಬಿರನೆ ಬಂದರು. ಮುದುಕನ ಹೆಗಲಲ್ಲಿ ಕೋವಿ, ಮುದುಕಿಯ ಕೈಯಲ್ಲಿ ಕೂಸಿನ ನಾಲಗೆಗೆ ಮುಟ್ಟಿಸಲು ಜೇನಿನ ಸೀಸೆ.

“ಒಂದೇ ಗುಂಡು ಕೇಳ್ತು. ಗಂಡು ಮಗು ಅಲ್ವೇನೇ?” ಮುದುಕಿ ಅಂಗಳದಿಂದಲೇ ನಗುತ್ತಾ ಕೇಳಿದಳು.

ಬಾಗಿಲಿಗೆ ಬಂದು ನಿಂತವಳ ಹೊಟ್ಟೆ ಇನ್ನೂ ಹಾಗೇ ಇತ್ತು. ಅವಳು ಮುದುಕನ ಕೋವಿಯನ್ನು ನೋಡಿದಳು.

“ಇನ್ನೊಂದು ನೀವು ಹೊಡೀರಿ ಅಜ್ಜ. ನಮ್ಮಲ್ಲಿದ್ದದ್ದು ಒಂದೇ.”