ಹಿಂದಿನ ಚಕ್ರದ ಬ್ರೇಕು

ಟಣ್ ಎಂದು ತಂತಿ ಹರಿಯಿತು. ಬಸ್ಮಲಾಳ ಸಿಮ್ಸಿಮಿಯಾ ಎಂಬ ತಂತಿವಾದ್ಯಕ್ಕೆ ಇದ್ದದ್ದೇ ಐದು ತಂತಿ, ಹೋದದ್ದು ನಡುವಿನದು. ಈಜಿಪ್ಟಿನ ಪೋರ್ಟ್ ಸೈದಿನ ಆ ಓಣಿಯಲ್ಲಿ, ಝಕಿಯ ಕಾಫಿ ಅಂಗಡಿಯೆದುರು, ಇಡೀ ಕೇರಿ ಸುತ್ತುಗಟ್ಟಿ ಕೂತಿತ್ತು. ದಸೂಕಿ ಮೇಸ್ತ್ರಿಯ ಹತ್ತಿರ ಬಿಟ್ಟಿಯಾಗಿ ವಾದ್ಯ ಕಲಿತ ಮಕ್ಕಳು ಮೊದಲ ಸಲ ಹಿರಿಯರೆದುರು ನುಡಿಸುವ ಸಂಜೆ. ಆ ಸುತ್ತಿನ ನಡುವೆ ಬಸ್ಮಲಾಳಿಗಿಂತ ಮೊದಲು ಹುಡುಗಿಯೊಬ್ಬಳು ಕೂತದ್ದೇ ಇಲ್ಲ.

"ಚಪ್ಪಾಳೆ ನಿಲ್ಲಿಸಬೇಡ್ರೋ!" ಮೇಸ್ತ್ರಿ ಗುಡುಗಿದ. "ಚಪ್ಪಾಳೆ ಇರೋವರೆಗೂ ಜಾಗ ಅವಳದ್ದು. ನಿಂತ್ರೆ ಮುಂದಿನವನದ್ದು!"

ಇನ್ನೊಬ್ಬರ ವಾದ್ಯ ಮುಟ್ಟುವಂತಿಲ್ಲ. ತನ್ನದನ್ನು ತಾನೇ ಮಾಡಿಕೊಳ್ಳಬೇಕು, ತಂತಿಯನ್ನೂ ತಾನೇ ಹುಡುಕಿಕೊಳ್ಳಬೇಕು. ಅದು ಮೇಸ್ತ್ರಿಯ ಕಟ್ಟಪ್ಪಣೆ. ಬಸ್ಮಲಾ ಜನರ ಕಾಲು ತುಳಿದುಕೊಂಡು ಓಡಿದಳು. ಓಡಿದ್ದು ಅಪ್ಪನ ಬಳಿಗಲ್ಲ, ಅಪ್ಪನ ಸೈಕಲ್ಲಿನ ಬಳಿಗೆ.

ತಲೆಯ ಮೇಲೆ ರೊಟ್ಟಿ ಪೇರಿಸಿದ ಹಲಗೆ ಹೊತ್ತು, ಸೈಕಲ್ ತುಳಿದು ಮನೆಮನೆಗೆ ಹಂಚುವವನು ಶಹಾತಾ. ಮಗಳನ್ನು ಮನೆಗೆ ಎಳೆದೊಯ್ಯಲೆಂದೇ ಬಂದಿದ್ದ. "ಏ! ಏನದು? ಬಿಡು ಬ್ರೇಕು!"

"ಅಪ್ಪಾ, ಒಂದೇ ಒಂದು ಎಳೆ ಸಾಕು!"

"ತಲೆ ಕೆಟ್ಟಿದೆಯೇನೇ? ಮುಂದಿನ ಬ್ರೇಕಿನ ತಂತಿ ಆಗಲೇ ಯಾವನೋ ಕಳ್ಳ ಕದ್ದಿದಾನೆ. ಇರೋದು ಇದೊಂದೇ!"

ಬಸ್ಮಲಾ ಉಗುಳು ನುಂಗಿದಳು. "ಕಳ್ಳ ಅಲ್ಲ ಅಪ್ಪಾ. ನಾನೇ." ಅಂದು ಕೈಯಲ್ಲಿದ್ದ ವಾದ್ಯವನ್ನು ಎತ್ತಿ ತೋರಿಸಿದಳು. ಉಳಿದ ನಾಲ್ಕು ತಂತಿಗಳು ಪಳಪಳ ಹೊಳೆದವು.

ಶಹಾತಾನ ಕೈ ಮೇಲೆದ್ದಿತು. ಅತ್ತ ಚಪ್ಪಾಳೆ ಸೊರಗತೊಡಗಿತ್ತು. ಕೆಲವರು ಅಂಗೈ ಉಜ್ಜಿಕೊಳ್ಳುತ್ತಿದ್ದರು, ಒಬ್ಬಿಬ್ಬರು ನಿಲ್ಲಿಸಿಯೇಬಿಟ್ಟಿದ್ದರು. ಅಷ್ಟರಲ್ಲಿ ಝಕಿ ಚಹಾದ ತಟ್ಟೆ ಹಿಡಿದು ಹಲ್ಲು ಕಿರಿದ: "ಸರಿಯಾಗಿ ಬಾರಿಸು ಶಹಾತಾ! ಇದು ಗಂಡಸರ ಜಾಗ. ಅವಳು ಮನೇಲಿ ಮೀನು ಹುರೀಲಿ."

ಎತ್ತಿದ ಕೈ ಅಲ್ಲೇ ನಿಂತಿತು. "ನನ್ನ ಮಗಳು ಏನು ಹುರೀಬೇಕು ಅಂತ ನೀನ್ಯಾವನೋ ಹೇಳೋಕೆ, ಕುದಿಸಿದ ಚಹಾಪುಡೀನೇ ಮತ್ತೆ ಕುದಿಸೋನೇ?" ಎಂದವನೇ ಸೀಟಿನ ಕೆಳಗಿನಿಂದ ಇಕ್ಕಳ ಕಿತ್ತು ಹಿಂದಿನ ಬ್ರೇಕಿನ ತಂತಿಯನ್ನು ಕಟಕ್ಕನೆ ಕತ್ತರಿಸಿದ. ಹುರಿ ಬಿಚ್ಚಿ ಎಳೆಯೊಂದನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಮಗಳ ಕೈಗಿಟ್ಟ. ಆಮೇಲೆ ಸುತ್ತಿನೊಳಕ್ಕೆ ನುಗ್ಗಿ, ರೊಟ್ಟಿ ಹಲಗೆ ಹೊತ್ತು ಗಟ್ಟಿಯಾದ ಆ ಕೈಗಳಿಂದ ಚಪ್ಪಾಳೆ ಬಡಿದ. "ಬಡೀರೋ! ಕೈಯಲ್ಲಿ ಜೀವ ಇಲ್ವಾ?"

ಓಣಿ ಮತ್ತೆ ಕಾವೇರಿತು. ಚಮಚಗಳು ಗಾಜಿನ ಲೋಟಗಳ ಮೇಲೆ ಕುಣಿದವು. ಬಸ್ಮಲಾ ಎಳೆಯನ್ನು ಗೂಟಕ್ಕೆ ಸುತ್ತಿ, ತಿರುಪಿ, ಒಮ್ಮೆ ಮಿಡಿದು ನೋಡಿದಳು. ಶ್ರುತಿ ಸೇರಿತು! ಆಮೇಲೆ ಅವಳು ನುಡಿಸಿದ ಪರಿಗೆ ಮುದುಕ ಮೀನುಗಾರರು ಸೊಂಟ ನೋವು ಮರೆತು ಎದ್ದು ಕುಣಿದರು. ಮೇಸ್ತ್ರಿ ಬೈಯುವುದನ್ನೇ ಮರೆತ.

ಮರುದಿನ ಬೆಳಗ್ಗೆ ದೋಣಿಗಟ್ಟೆಯ ಇಳಿಜಾರಿನಲ್ಲಿ ಸೈಕಲ್ಲೊಂದು ಬಾಣದಂತೆ ಬಂತು. ತಲೆಯ ಮೇಲೆ ರೊಟ್ಟಿಯ ಗುಡ್ಡ, ನೆಲಕ್ಕೆ ಉಜ್ಜುತ್ತಿರುವ ಚಪ್ಪಲಿಯೇ ಬ್ರೇಕು. ಬೆಲ್ ಬದಲು ಶಹಾತಾನ ಬಾಯಲ್ಲಿ ಮಗಳು ನುಡಿಸಿದ ಹಾಡು. ಎದುರಿಗಿದ್ದ ಝಕಿ ಚಂಗನೆ ಪಕ್ಕಕ್ಕೆ ಹಾರಿ ಜಾಗ ಬಿಟ್ಟ. ಸೈಕಲ್ ದಾಟಿ ಹೋದ ಮೇಲೆ ನೋಡಿಕೊಂಡರೆ, ಅವನ ಕೈಗಳು ತಾಳ ಹಾಕುತ್ತಿದ್ದವು.