ಮೂರು ಪುಟದ ಮದುವೆ

ಪಾಠಕ್ಕೆಂದು ಒಂದು ಪುಟ ನಕಲು ಮಾಡಿಸಿದರೆ, ಅದನ್ನು ಬರೆದ ಲೇಖಕರಿಗೆ ಪರೀಕ್ಷೆ ಮುಗಿಯುವವರೆಗೆ ಆ ಪುಟದಲ್ಲಿದ್ದದ್ದರ ನೆನಪೇ ಇರುತ್ತಿರಲಿಲ್ಲ. ಅದಕ್ಕೇ ವಿಶ್ವವಿದ್ಯಾಲಯ ಲೇಖಕರ ಸಹಿ ಕೇಳುತ್ತಿತ್ತು. ಧಾರವಾಡದ ಅಧ್ಯಾಪಕಿ ಶಾಂಭವಿಗೆ ಬೇಕಾದದ್ದು ಮೂರು ಪುಟ. ಮೂರರಲ್ಲೂ ಇದ್ದದ್ದು ಕಥೆಗಾರ ಈರಬಸಪ್ಪನವರ ಸ್ವಂತ ಮದುವೆ. ಅವರ ಮನೆಗೆ ಬಂದು ಕೂತರೂ ಸಹಿಯ ಫಾರಂ ಚಾಚಲು ಅವಳಿಗೆ ಕೈ ಬರಲಿಲ್ಲ.

“ಬ್ಯಾರೆ ಕಥಿ ತಗೋತೀನ್ರಿ, ಸರ್.”

ಚಹಾ ತಂದ ಅವರ ಹೆಂಡತಿ ಗಂಗವ್ವ ಗಂಡನ ಕಡೆ ತಿರುಗಿ ನಕ್ಕರು. “ಹಾಕ್ರೀ ಸಹಿ. ಮದುವ್ಯಾಗ ನಾ ಅತ್ತಿದ್ದೆ ಅಂತ ಸುಳ್ಳ ಬರದೀರಿ. ಪರೀಕ್ಷಿ ಮುಗಿಯೂತನಕ ಖರೇ ಏನಂತ ನಾ ಹೇಳ್ತೀನಿ, ಕೇಳ್ರಿ.”

ಈರಬಸಪ್ಪ ಸಹಿ ಹಾಕಿದರು. ಶಾಂಭವಿಯ ವಿದ್ಯಾರ್ಥಿಗಳಿಗೆ ಪಾಠ ಸಿಕ್ಕಿತು. ಈರಬಸಪ್ಪನವರಿಗೆ ಮದುವೆಯ ದಿನ ಮರೆತುಹೋಯಿತು. ಮದುವೆಯಾದ ಮೂವತ್ತೆಂಟು ವರ್ಷಗಳ ಮೇಲೆ, ಅದನ್ನು ಹೇಳುವ ಸರದಿ ಗಂಗವ್ವನಿಗೆ ಬಂತು.